ಪಕ್ಕದ ಮನೆಯ ಕುರ್ಚಿ

ನೆರವು ಕಚೇರಿಯಲ್ಲಿ ಅವಳ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಓಣಿಯವರಿಗೆ ಮಾತ್ರ ಅವಳು ವಿಚಾರಣೆ ಅಕ್ಕ. ಕಷ್ಟದಲ್ಲಿದ್ದೇವೆಂದು ಅರ್ಜಿ ಹಾಕಿದವರ ಮನೆಗೆ ಹೋಗಿ, ಇದ್ದದ್ದನ್ನು ಕಣ್ಣಾರೆ ಕಂಡು ವರದಿ ಬರೆಯುವುದು ಅವಳ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಹತ್ತದ ಮೆಟ್ಟಿಲಿರಲಿಲ್ಲ, ಅವಳನ್ನು ಕಂಡು ಬೊಗಳದ ನಾಯಿಯಿರಲಿಲ್ಲ. ವರ್ಷಕ್ಕೆ ಮೂರು ಜೊತೆ ಚಪ್ಪಲಿ ಸವೆಯುತ್ತಿದ್ದವು. 'ನೀನೇ ಒಂದು ಅರ್ಜಿ ಹಾಕು' ಎಂದು ಗಂಡ ರೇಗಿಸುತ್ತಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಅವಳು ಒಬ್ಬ ಪೇಂಟರನ ಮನೆಗೆ ಹೋದಳು. ಕಟ್ಟಡವೊಂದಕ್ಕೆ ಬಣ್ಣ ಹೊಡೆಯುವಾಗ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡವನು, ಎಂಟು ತಿಂಗಳಿಂದ ಮನೆ ಬಿಟ್ಟು ಹೊರಬಿದ್ದಿರಲಿಲ್ಲ. ಹೆಂಡತಿ ಕೈಚೀಲಗಳಿಗೆ ಹಿಡಿ ಹೊಲಿದು ಸಂಸಾರ ತೂಗಿಸುತ್ತಿದ್ದಳು. ಮಗಳು ಶಾಲೆಗೆ ಹೋಗಿದ್ದಳು.

ಒಳಗೆ ಕಾಲಿಟ್ಟ ಅಕ್ಕನಿಗೆ ಸ್ವಲ್ಪ ಆಶ್ಚರ್ಯವಾಯಿತು. ಇದ್ದದ್ದು ಒಂದೇ ಕೋಣೆ. ಆದರೆ ಅದರಲ್ಲಿ ಮೆತ್ತೆಯ ಎರಡು ಕುರ್ಚಿ, ಗಾಜಿನ ಟೀಪಾಯಿ, ಮೂಲೆಯಲ್ಲಿ ತಲೆಯಾಡಿಸುವ ಫ್ಯಾನು. ಪೇಂಟರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಂದು ಕುರ್ಚಿಯಲ್ಲಿ ಕೂತಿದ್ದ. ಇನ್ನೊಂದನ್ನು ಅವಳಿಗೆ ತೋರಿಸಿದ.

"ಸಂಸಾರ ಹೇಗೆ ನಡೀತಿದೆ?" ಎಂದು ಅಕ್ಕ ಕೇಳಿದಳು.

"ಏನೂ ತೊಂದರೆ ಇಲ್ಲ ಮೇಡಂ. ಸ್ವಲ್ಪ ಕೈ ಬಿಗಿ, ಅಷ್ಟೆ."

ಹೆಂಡತಿ ನೆಲ ನೋಡುತ್ತಾ ನಿಂತಿದ್ದಳು. ಅಕ್ಕ ಕಂಡದ್ದನ್ನು ಬರೆಯುತ್ತಾ ಹೋದಳು. 'ತುರ್ತು ನೆರವು ಬೇಕಿಲ್ಲ' ಎಂಬ ಸಾಲಿನ ಹತ್ತಿರ ಪೆನ್ನು ಬರುವ ಹೊತ್ತಿಗೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿದಳು.

"ಬೇಜಾರು ಮಾಡ್ಕೋಬೇಡಿ," ಎಂದಳು ಪೇಂಟರನ ಹೆಂಡತಿಗೆ. " ನಮ್ಮ ಬೀಗರು ಹೇಳದೆ ಕೇಳದೆ ಬಂದ್ಬಿಟ್ಟಿದ್ದಾರೆ. ಕುರ್ಚಿ ಬೇಕಿತ್ತು." ಅಷ್ಟರಲ್ಲಿ ಕುರ್ಚಿಯಲ್ಲಿ ಕೂತಿದ್ದ ವಿಚಾರಣೆ ಅಕ್ಕ ಕಣ್ಣಿಗೆ ಬಿದ್ದಳು. ಆಕೆ ನಾಲಿಗೆ ಕಚ್ಚಿಕೊಂಡು, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಇವರಿನ್ನೂ ಹೋಗಿಲ್ವಾ?" ಎಂದಳು.

ಪೇಂಟರನ ಮುಖ ಇಳಿಯಿತು. ಗೋಡೆ ಹಿಡಿದು ಕಷ್ಟಪಟ್ಟು ಎದ್ದು ನಿಂತ. ಅಕ್ಕನೂ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಬಾಗಿಲ ತನಕ ತಂದು ಕೊಟ್ಟಳು. "ತಗೊಳ್ಳಿ. ಬೀಗರನ್ನ ನಿಲ್ಲಿಸಿಕೊಳ್ಳಬಾರದು."

ಪಕ್ಕದ ಮನೆಯಾಕೆ ಎರಡನ್ನೂ ಒಂದೊಂದಾಗಿ ಸಾಗಿಸಿದಳು. ಹೋಗುವಾಗ, "ಫ್ಯಾನು ಇರಲಿ ಬಿಡಿ, ಅದು ಮೇಲಿನ ಮನೆಯವರದು," ಎಂದಳು.

ಹೆಂಡತಿ ಚಾಪೆ ಹಾಸಿದಳು. ಅಕ್ಕ ಕೆಳಗೆ ಕೂತಳು, ಪೇಂಟರನೂ ಗೋಡೆಗೊರಗಿ ಕಾಲು ಚಾಚಿದ.

"ಸುಳ್ಳು ಹೇಳಬೇಕು ಅಂತ ಅಲ್ಲ ಮೇಡಂ," ಎಂದ. "ಎಷ್ಟೋ ಜನರ ಮನೆ ಚೆಂದ ಮಾಡಿದವನು ನಾನು. ಬಂದೋರಿಗೆ ಖಾಲಿ ಕೋಣೆ ತೋರಿಸೋಕೆ ಮನಸ್ಸು ಬರ್ಲಿಲ್ಲ."

"ನಾನು ಬೇಡ ಅಂದೆ, ಕೇಳ್ಲಿಲ್ಲ," ಎಂದಳು ಹೆಂಡತಿ. "ಊಟಕ್ಕೆ ಕೂತಾಗ ನನಗೆ ಹಸಿವಿಲ್ಲ ಅಂತೀನಿ ಅಕ್ಕ. ಇವರೂ ಹಸಿವಿಲ್ಲ ಅಂತಾರೆ. ಮಗಳು ಒಬ್ಬಳೇ ಉಣ್ತಾಳೆ."

ಆಗ ಅಕ್ಕ, ಕಚೇರಿಯಲ್ಲಿ ಯಾರಿಗೂ ಹೇಳದ ಮಾತೊಂದನ್ನು ಅವರಿಗೆ ಹೇಳಿದಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಇಂಥದೇ ಒಬ್ಬ ಅಧಿಕಾರಿ ಅವಳ ಮನೆಗೂ ಬಂದಿದ್ದ. ಅಮ್ಮ ಯಾರದೋ ಹೊಸ ಹೊದಿಕೆ ತಂದು ಮಂಚಕ್ಕೆ ಹಾಸಿದ್ದಳು. ಆತ ಅದನ್ನು ಕೈಯಲ್ಲಿ ಮುಟ್ಟಿ ನೋಡಿ, ಅನುಕೂಲಸ್ಥರು ಎಂದು ಬರೆದುಕೊಂಡು ಹೋದ. ನೆರವು ಸಿಗದೆ ಒಂದು ವರ್ಷ ಅವಳು ಶಾಲೆ ಬಿಡಬೇಕಾಯಿತು.

"ಯಾವ ಬಣ್ಣದ ಹೊದಿಕೆ ಮೇಡಂ?" ಪೇಂಟರ್ ಕೇಳಿದ.

"ನೀಲಿ."

"ತಿಳಿ ನೀಲಿ ಇರಬೇಕು. ಅದು ಯಾವ ಕೋಣೆನಾದ್ರೂ ದೊಡ್ಡದು ಮಾಡಿ ತೋರಿಸುತ್ತೆ."

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಮೂವರೂ ನಕ್ಕರು. ಅಕ್ಕ ಹಳೆಯ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸದರಲ್ಲಿ ಬರೆದಳು: ಚಾಪೆ, ಒಲೆ, ಹೊಲಿಗೆ ಯಂತ್ರ, ಎರಡು ಊರುಗೋಲು.

ಕಚೇರಿಯ ಮೇಲಧಿಕಾರಿ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದರು. "ಒಂದೇ ಮನೆಗೆ ಎರಡು ವರದಿ. ಯಾವುದನ್ನ ನಂಬಲಿ?"

"ಎರಡನೇದು ಸರ್. ಮೊದಲನೇದು ಅಕ್ಕಪಕ್ಕದ ಮನೆಯವರದು."

ಅವರು ವಿಷಯವೇನೆಂದು ಪೂರ್ತಿ ಕೇಳಿ ತಿಳಿದುಕೊಂಡು, ಸಹಿ ಹಾಕಿದರು.

ಮೂರು ವಾರಕ್ಕೆ ಮಂಜೂರಾತಿ ಪತ್ರ ಬಂತು. ಒಂದು ವರ್ಷದ ಬಾಡಿಗೆ, ದಿನಸಿ, ಸೊಂಟದ ಚಿಕಿತ್ಸೆ. ಅಂಚೆಗೆ ಹಾಕುವ ಬದಲು ಅಕ್ಕನೇ ಅದನ್ನು ಒಯ್ದಳು. ಹೆಂಡತಿ ಬಾಗಿಲಲ್ಲೇ ಎರಡು ಸಲ ಓದಿದಳು.

"ಏನಂತೆ?" ಒಳಗಿಂದ ಪೇಂಟರ್ ಕೂಗಿದ.

"ಆಯ್ತಂತೆ."

ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಇಣುಕಿದರೆ, ಅವನು ಗೋಡೆಗೊರಗಿದಂತೆಯೇ ನಿದ್ದೆ ಹೋಗಿದ್ದ, ಬಾಯಿ ತುಸು ತೆರೆದಿತ್ತು.

"ಎಷ್ಟು ದಿನ ಆಗಿತ್ತು ಅಕ್ಕ, ಹೀಗೆ ಮಲಗಿ," ಎಂದು ಹೆಂಡತಿ ಪಿಸುಗುಟ್ಟಿದಳು. "ಎಬ್ಬಿಸೋದು ಬೇಡ."

ಅಕ್ಕ ಸದ್ದಾಗದಂತೆ ಮೆಟ್ಟಿಲಿಳಿದಳು. ಅವಳ ಚೀಲದಲ್ಲಿ ಆ ದಿನಕ್ಕೆ ಇನ್ನೂ ನಾಲ್ಕು ಮನೆಗಳ ಅರ್ಜಿಗಳಿದ್ದವು.