ಬಣ್ಣದ ಪೆಟ್ಟಿಗೆಯ ಮೇಲೆ ನಾನು ಹೊರಿಸಿದ ಸುಳ್ಳು

ಮೊಮ್ಮಗಳ ವಯಸ್ಸಿನ ಹುಡುಗಿಯ ಕೆಲಸದ ಮೇಲೆ ನಾನು ಸುಳ್ಳು ಹೊರಿಸಿದೆ. ಆಕೆ ಕ್ಷಮಿಸಿದ್ದಾಳೆ. ಆದರೂ ಬರೆದಿಡುತ್ತೇನೆ. ಹೈಸ್ಕೂಲು ಓದಿದವನಿಗೆ ಇಷ್ಟು ಬರೆಯಲು ಬರುತ್ತದೆ.

ತಿಕೋಟಾದ ಹತ್ತಿರ ನಮ್ಮದು ದಾಳಿಂಬೆ ತೋಟ. ಕಾಯಿ ಚೆನ್ನಾಗಿ ಕಟ್ಟಲೆಂದು ಬಬಲೇಶ್ವರದ ಜೇನು ಸಾಕುವ ಒಬ್ಬರಿಂದ ನಾಲ್ಕು ಜೇನುಪೆಟ್ಟಿಗೆ ತರಿಸಿದೆ. ಮೊದಲು ಖಾಲಿ ಪೆಟ್ಟಿಗೆ ಬಂದವು. ಅದೇ ಹೊತ್ತಿಗೆ ಘೋಣಸಗಿಯ ಒಬ್ಬ ಹುಡುಗಿ, ವಿಜಯಪುರದಲ್ಲಿ ಚಿತ್ರಕಲೆ ಕಲಿಯುವವಳು, ಪೆಟ್ಟಿಗೆಗಳ ಮೇಲೆ ಚಿತ್ರ ಬಿಡಿಸಲೇ ಎಂದು ಕೇಳಿಕೊಂಡು ಬಂದಳು. ಕಾಲೇಜಿನ ಪ್ರದರ್ಶನಕ್ಕೆ ಜೇನಿನ ಮೇಲೆ ಕೆಲಸ ಮಾಡಬೇಕಾಗಿತ್ತಂತೆ.

ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಾಲ್ಕು ದಿನ ಬಣ್ಣ ಹಚ್ಚಿದಳು. ಒಂದರ ಮೇಲೆ ಹಳದಿ ಚಂದ್ರ, ಒಂದರ ಮೇಲೆ ಬಿಳಿ ಜೋಳದ ತೆನೆ, ಒಂದು ಪೂರಾ ನೀಲಿ. ನಾಲ್ಕನೆಯದಕ್ಕೆ ತನ್ನ ಅಜ್ಜಿ ಹೊಲಿದ ಕೌದಿಯ ಚೌಕಗಳು. ಪ್ರತಿ ಜೇನುಹುಳ ತನ್ನ ಮನೆಯ ಗುರುತು ಹಿಡಿಯಲೆಂದು ನಾಲ್ಕು ಬೇರೆ ಚಿತ್ರ.

"ಕೆಂಪು ಎಲ್ಲೈತಿ?" ಎಂದೆ.

"ಹುಳಕ್ಕ ಕೆಂಪು ಕಾಣಂಗಿಲ್ರಿ ಮುತ್ಯಾ."

"ಹಂಗಾರ ಕೆಂಪು ದಾಳಿಂಬಿ ಹೂವಿಗಿ ಹೆಂಗ ಬರ್ತಾವ?"

ಕುಂಚ ಬಾಯಲ್ಲಿ ಕಚ್ಚಿಕೊಂಡು ಯೋಚಿಸಿದಳು. "ಸರ್‌ನ ಕೇಳಿ ಹೇಳ್ತೀನ್ರಿ."

ಬಣ್ಣ ಒಣಗಿದ ಮೇಲೆ ಬಬಲೇಶ್ವರದವರು ಬಂದು ಹುಳ ತುಂಬಿದರು, ಪೆಟ್ಟಿಗೆಗಳನ್ನು ಬೇವಿನ ಮರದ ಕೆಳಗೆ ಇಟ್ಟರು. "ಹಗಲಿನ್ಯಾಗ ಜರಗಿಸಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ಎರಡು ಸಲವೂ ತಲೆಯಾಡಿಸಿದೆ.

ಇಪ್ಪತ್ತು ದಿನ ಎಲ್ಲ ಸರಳವಾಗಿ ನಡೆಯಿತು. ಒಂದು ರವಿವಾರ ಆಕೆಯ ಗುರುಗಳು ಕೆಲಸ ನೋಡಲು ಬರುವವರಿದ್ದರು. ನನಗೆ ಹುಚ್ಚು ಹುರುಪು. ಮರದ ನೆರಳಲ್ಲಿ ಚಿತ್ರ ಯಾರಿಗೆ ಕಾಣಬೇಕು ಎಂದು, ಮುಂಜಾನೆ ಹತ್ತು ಗಂಟೆಗೆ, ಬಿಸಿಲಲ್ಲಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ರಸ್ತೆಯ ಕಡೆ ಮುಖ ಮಾಡಿ ಸಾಲಾಗಿ ಜೋಡಿಸಿದೆ. ನಲವತ್ತು ಹೆಜ್ಜೆ ದೂರ. ಹೂವಿಗೆ ಹೋಗಿದ್ದ ಹುಳಗಳು ತಿರುಗಿ ಬಂದು ಹಳೆಯ ಜಾಗದಲ್ಲೇ ಸುತ್ತತೊಡಗಿದವು. ಮಧ್ಯಾಹ್ನಕ್ಕೆ ಬೇವಿನ ಬೊಡ್ಡೆಯ ಮೇಲೆ ಗುಂಪುಗಟ್ಟಿ ಕುಳಿತವು. ಪೆಟ್ಟಿಗೆಗಳ ಬಾಗಿಲಲ್ಲಿ ಓಡಾಟವೇ ಇಲ್ಲ.

ಹುಡುಗಿ ಗುರುಗಳ ಜೊತೆ ಬಂದಳು. ಮುಖ ಬಿಳಿಚಿಕೊಂಡಿತು. "ಏನಾತ್ರಿ ಮುತ್ಯಾ?"

ಕಾರಣ ನನಗೆ ಗೊತ್ತಿತ್ತು. ಆದರೆ ಆ ದೊಡ್ಡ ಮನುಷ್ಯರ ಮುಂದೆ ದಡ್ಡನಾಗಲು ಮನಸ್ಸು ಬರಲಿಲ್ಲ. "ನಿನ್ನ ಬಣ್ಣದ್ದ ವಾಸನಿ. ಸೆಕಿಗಿ ಎದ್ದೈತಿ, ಹುಳ ಬಿಟ್ಟು ಹೊಂಟಾವ. ಗಾಳಿ ಆಡ್ಲಿ ಅಂತ ಬಯಲಿಗಿ ತಂದಿಟ್ಟೀನಿ" ಎಂದುಬಿಟ್ಟೆ.

ಆಕೆ ಬಗ್ಗಿ ಪೆಟ್ಟಿಗೆಯನ್ನು ಮೂಸಿ ನೋಡಿದಳು. ಆಮೇಲೆ ಗುರುಗಳಿಗೆ, "ನನ್ನ ಕೆಲಸ ಪ್ರದರ್ಶನದಾಗಿಂದ ತಗೀರಿ ಸರ್. ಹುಳಕ್ಕ ತ್ರಾಸ ಕೊಟ್ಟು ಮಾರ್ಕ್ಸ್ ತಗೊಳ್ಳಂಗಿಲ್ಲ ನಾ" ಎಂದಳು.

ಅವರು ಹೋದ ಮೇಲೆ ನನ್ನ ಹೆಂಡತಿ ನೀರಿನ ತಂಬಿಗೆಯನ್ನು ನನ್ನ ಮುಂದೆ ಕುಕ್ಕಿದಳು. "ಪೆಟಗಿ ಎಳದವರು ನೀವು, ಅಳಕೋತ ಹೋದಾಕಿ ಆಕಿ. ಎಪ್ಪತ್ತ ವರ್ಷದಾಗ ಕಲತಿದ್ದು ಇದೇನು?"

ಸಂಜೆ ಮುಂದೆ ಪೆಟ್ಟಿಗೆಗಳನ್ನು ಮತ್ತೆ ಹಳೆಯ ಜಾಗಕ್ಕೆ ತಂದಿಟ್ಟೆ. ಹುಳಗಳು ಸಾಲು ಹಿಡಿದು ಒಳಗೆ ನಡೆದವು. ಬಣ್ಣದ ತಪ್ಪು ಎಳ್ಳಷ್ಟೂ ಇರಲಿಲ್ಲ.

ಮರುದಿನ ಬಸ್ಸು ಹಿಡಿದು ಕಾಲೇಜಿಗೆ ಹೋದೆ. ಪ್ರದರ್ಶನದ ಕೋಣೆಯಲ್ಲಿ ಜೇನುಗೂಡಿನಂಥ ದೀಪ, ಆರು ಮೂಲೆಯ ಪಿಂಗಾಣಿ ಬಟ್ಟಲು, ಹುಳದ ರೆಕ್ಕೆಯ ಚಿತ್ತಾರದ ಸೀರೆ ಎಲ್ಲ ಇಡುತ್ತಿದ್ದರು. ಆಕೆಯ ಮೇಜು ಖಾಲಿ. ಆಕೆ ಬೇರೆಯವರ ಚಿತ್ರಕ್ಕೆ ಮೊಳೆ ಹೊಡೆಯುತ್ತಿದ್ದಳು. ಗುರುಗಳು, ಹುಡುಗರು ಎಲ್ಲರೂ ಇದ್ದಾಗಲೇ ಹೇಳಿದೆ: "ಪೆಟಗಿ ನಾ ಜರಗಿಸೀನ್ರಿ. ಸುಳ್ಳೂ ನಾನ ಹೇಳೀನಿ. ಈಕಿ ಬಣ್ಣದ್ದೇನೂ ತಪ್ಪಿಲ್ಲ. ಹುಳ ತಿರುಗಿ ಒಳಗ ಹೋಗ್ಯಾವ."

ಮೇಜು ಜೋಡಿಸುತ್ತಿದ್ದ ಹುಡುಗರು ತಿರುಗಿ ನನ್ನನ್ನೇ ನೋಡಿದರು.

ಹುಡುಗಿ ಸುತ್ತಿಗೆ ಹಿಡಿದೇ ಹತ್ತಿರ ಬಂದಳು. "ರಾತ್ರಿಯೆಲ್ಲಾ ಅತ್ತೀನ್ರಿ ನಾ."

"ಗೊತ್ತೈತಿ ಯವ್ವಾ."

"ಗೊತ್ತಿದ್ರ ನಿಂದರ್ರಿ. ಇನ್ನೂ ಬೈಯೂದು ಐತಿ."

ಬೈದಳು ಕೂಡ. ಗುರುಗಳು ಆ ಕಡೆ ತಿರುಗಿ ನಕ್ಕರು. ಹುಳ ತುಂಬಿದ ಪೆಟ್ಟಿಗೆಗಳನ್ನು ಕಾಲೇಜಿಗೆ ತರುವಂತಿರಲಿಲ್ಲ. ಹೀಗಾಗಿ ಮರುದಿನ ಇಡೀ ತರಗತಿಯೇ ನಮ್ಮ ತೋಟಕ್ಕೆ ಬಂತು. ಬೇವಿನ ನೆರಳಲ್ಲಿ ನಿಂತು, ಹುಳಗಳು ಚಂದ್ರನ ಮನೆಗೆ, ತೆನೆಯ ಮನೆಗೆ, ಕೌದಿಯ ಮನೆಗೆ ಹೋಗುವುದನ್ನು ನೋಡಿದರು. ಗುರುಗಳು ಅಲ್ಲೇ ಅಂಕ ಬರೆದರು. ಎಷ್ಟೆಂದು ನಾನು ಕೇಳಲಿಲ್ಲ. ಆಕೆ ಕುಣಿದದ್ದನ್ನು ನೋಡಿದೆ.

ಪ್ರದರ್ಶನಕ್ಕೆ ಪೆಟ್ಟಿಗೆಗಳ ಫೋಟೋ ಇಟ್ಟು, ಕೆಳಗೆ ಒಂದು ಚೀಟಿ ಅಂಟಿಸಬೇಕಿತ್ತು. ಆಕೆ ಪೆನ್ನು ಹಿಡಿದು ಕೇಳಿದಳು: "ನೀವು ಪೆಟಗಿ ಜರಗಿಸಿದ್ದು, ಸುಳ್ಳು ಹೇಳಿದ್ದು ಬರೀಲೇನ್ರಿ ಮುತ್ಯಾ?"

"ಬರಿ. ದೊಡ್ಡ ಅಕ್ಷರದಾಗ ಬರಿ" ಎಂದೆ.

ಬರೆದಳು. ನನ್ನ ಹೆಂಡತಿ ಪ್ರದರ್ಶನಕ್ಕೆ ಬಂದು ಅದನ್ನು ಗಟ್ಟಿಯಾಗಿ ಓದಿ, ಪಕ್ಕದಲ್ಲಿ ನಿಂತಿದ್ದವರಿಗೆ, "ಇವರ ನೋಡ್ರಿ ಅವರು" ಎಂದು ನನ್ನ ಕಡೆ ಕೈ ಮಾಡಿದಳು.