ಪೆಗ್ಗಿ ಸುಟ್ಟ ಗೊಂಬೆ

ಪೆಗ್ಗಿ ಚಹಾದ ಪಾತ್ರೆಗೂ ಟೋಪಿ ಹಾಕುತ್ತಿದ್ದಳು. ತಾನೇ ಹೆಣೆದ ಉಣ್ಣೆಯ ಟೋಪಿ. ನಾಲ್ಕು ಗಂಟೆಗೆ ಅದನ್ನೆತ್ತಿ ಚಹಾ ಬಗ್ಗಿಸುವಾಗ ಅವಳ ಮುಖದಲ್ಲಿ ಪೂಜೆಗೆ ಕೂತವರ ಗಾಂಭೀರ್ಯವಿರುತ್ತಿತ್ತು. ಷಿಕಾಗೋದಿಂದ ಐದು ತಾಸಿನ ದಾರಿಯ ವಾರೆನ್ ಊರಿನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಅವಳ ಗಂಡನೂ ನಮ್ಮವರೂ ಒಂದೇ ಕಾರು ಕಂಪನಿಯಲ್ಲಿ ಇಂಜಿನಿಯರುಗಳು. ಅವರು ಇಂಗ್ಲೆಂಡಿನಿಂದ ಬಂದವರು, ನಾವು ಹುಬ್ಬಳ್ಳಿಯಿಂದ. ನನಗಿಂತ ಹತ್ತು ವರ್ಷ ದೊಡ್ಡವಳಾದರೂ ಹೆಸರು ಹಿಡಿದೇ ಕರೆಯಬೇಕೆಂದು ತಾಕೀತು ಮಾಡಿದ್ದಳು.

ಒಬ್ಬಳೇ ಮಗಳು ಹೆಲೆನ್‌ಳನ್ನು ಇಂಗ್ಲೆಂಡಿನ ಹುಡುಗಿಯಾಗಿ ಬೆಳೆಸಬೇಕೆಂಬುದು ಅವಳ ಹಟ. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಹಿಂದಿನ ದಿನ ತೆಳ್ಳನೆಯ ಪ್ಯಾನ್‌ಕೇಕ್ ಹುಯ್ದು, ನಿಂಬೆರಸ ಹಿಂಡಿ, ಸಕ್ಕರೆ ಉದುರಿಸಿ ಕೊಡುತ್ತಿದ್ದಳು. ಹೆಲೆನ್ ಅದರ ಮೇಲೆ ಇಲ್ಲಿನ ಹುಡುಗಿಯರಂತೆ ಮೇಪಲ್ ಸಿರಪ್ ಸುರಿದುಕೊಳ್ಳುತ್ತಿದ್ದಳು. ಗೆಳತಿಯರೆದುರು ತಾಯಿಯ ಮಾತಿನ ಧಾಟಿಯನ್ನು ಅಣಕಿಸಿ ನಗಿಸುತ್ತಿದ್ದಳು. ಪೆಗ್ಗಿಯೂ ನಗುತ್ತಿದ್ದಳು, ಆಮೇಲೆ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಒಳಗೊಳಗೇ ಖುಷಿ. ಲೋಕದ ಮೇಲೆಲ್ಲ ತಮ್ಮ ಭಾಷೆ ಹೇರಿದವರಿಗೆ ಸ್ವಂತ ಮಗಳಿಗೇ ಏನನ್ನೂ ಅಂಟಿಸಲಾಗುತ್ತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡಿದ್ದೆ. ಒಮ್ಮೆ ಅರ್ಧ ತಮಾಷೆಯಲ್ಲಿ ಅಂದೂಬಿಟ್ಟೆ. ಅವಳು ಸಿಟ್ಟಾಗಲಿಲ್ಲ. "ಷಿಕಾಗೋಗೆ ಹೋದರೆ ನಿಮಗೆ ಡೆವನ್ ಅವೆನ್ಯೂ ಇದೆ, ಬೀದಿ ತುಂಬ ನಿಮ್ಮವರದೇ ಅಂಗಡಿಗಳು. ನನ್ನದು ಕಳೆದುಹೋಗುತ್ತಿದೆ ಅಂದರೆ ಜನ ನಗುತ್ತಾರೆ," ಎಂದಳು. ನನ್ನ ಮಗಳೂ ಆಗಲೇ ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಮತ್ತೆ ನಾನು ಆ ತಮಾಷೆ ಮಾಡಲಿಲ್ಲ.

ನವೆಂಬರ್ ಐದರಂದು ಅವರ ದೇಶದಲ್ಲಿ ಹಳೆ ಬಟ್ಟೆಯ ಗೊಂಬೆ ಮಾಡಿ ಸುಡುತ್ತಾರಂತೆ. ನಾನೂರು ವರ್ಷದ ಹಿಂದೆ ಯಾರೋ ರಾಜನನ್ನು ಮದ್ದಿಟ್ಟು ಹಾರಿಸಲು ಹೋಗಿ ಸಿಕ್ಕಿಬಿದ್ದನಂತೆ. ನಾನು ನಮ್ಮ ಓಣಿಯ ಕಾಮಣ್ಣನನ್ನು ಸುಡುವ ಕಥೆ ಹೇಳಿದೆ: ಹುಡುಗರು ಕಟ್ಟಿಗೆ ಕದಿಯುವುದು, ಹಲಗೆ ಬಡಿಯುವುದು, ಬಾಯಿ ಬಡಿದುಕೊಳ್ಳುವುದು. ಪೆಗ್ಗಿಯ ಕಣ್ಣುಗಳು ಅರಳಿದವು. ಅವಳ ತಂದೆಯ ಬೀದಿಗೆ ಮಾತ್ರ ಸೇರಿದ ಒಂದು ಉದ್ದನೆಯ ಪದ್ಯವಿತ್ತು. ಗೊಂಬೆ ಉರಿಯುವಾಗಲೇ ಹೇಳಬೇಕು. ಬೇರೆ ಹೊತ್ತಿನಲ್ಲಿ ಹೇಳಿದರೆ, ಬರೆದಿಟ್ಟರೆ ಕೇಡು. ತಂದೆ ಅವಳಿಗೆ ಹಾಗೆಯೇ ಕಲಿಸಿದ್ದರು, ಅವಳು ಹೆಲೆನ್‌ಗೆ ಹಾಗೆಯೇ ಕಲಿಸಬೇಕಿತ್ತು. ಈ ಸಲ ಸುಟ್ಟೇಬಿಡೋಣ ಎಂದು ಇಬ್ಬರೂ ನಿಶ್ಚಯಿಸಿದೆವು. ಗೊಂಬೆಗೆ ನಮ್ಮವರ ಹಳೆ ಪ್ಯಾಂಟು ನಾನೇ ಕೊಟ್ಟೆ.

ನಮ್ಮ ಪೆದ್ದುತನ ನೋಡಿ, ಅದು 2001. ನ್ಯೂಯಾರ್ಕಿನ ಗೋಪುರಗಳು ಬಿದ್ದು ಎರಡು ತಿಂಗಳೂ ಆಗಿರಲಿಲ್ಲ. ಹದಿನಾಲ್ಕರ ಹೆಲೆನ್ ಹೊರಗೆ ಬರಲೊಲ್ಲೆ ಎಂದಳು. ಕಟ್ಟಿಗೆ ಹಸಿ, ಪೆಗ್ಗಿಯ ಹಿತ್ತಿಲ ತುಂಬ ಹೊಗೆ. ಕೊನೆಗೆ ಗೊಂಬೆಗೆ ಬೆಂಕಿ ಹತ್ತಿದಾಗ ಪೆಗ್ಗಿ ಮಗಳ ಕಿಟಕಿಯತ್ತ ತಿರುಗಿ ಗಟ್ಟಿಯಾಗಿ ಪದ್ಯ ಶುರುಮಾಡಿದಳು. ನಾಲ್ಕು ಸಾಲು ಆಗಿರಬೇಕು, ಫೈರ್ ಟ್ರಕ್ ಬಂತು, ಅದರ ಹಿಂದೆಯೇ ಪೊಲೀಸ್ ಕಾರು.

ಇದು ಯಾರ ಗೊಂಬೆ, ಯಾಕೆ ಸುಡುತ್ತಿದ್ದೀರಿ ಎಂದು ಪೊಲೀಸ್ ಕೇಳಿದ. ನಮ್ಮವರು ಬೇಲಿಯಾಚೆಯಿಂದ ಮೆಲ್ಲಗೆ, "ನಾವ್ ವೀಸಾದ ಮ್ಯಾಲೆ ಅದೀವಿ. ಸುಮ್ನ ಒಳಗ ಬಾ," ಎಂದರು. ಪೊಲೀಸ್ ನನ್ನತ್ತ ತಿರುಗಿದಾಗ, ಹೊಗೆ ಕಂಡು ನೋಡಲು ಬಂದೆ, ನನಗೇನೂ ಗೊತ್ತಿಲ್ಲ ಎಂದೆ. ಪೆಗ್ಗಿ ನನ್ನನ್ನೊಮ್ಮೆ ನೋಡಿದಳು. ಆಮೇಲೆ, ಕರೆ ಮಾಡಿದವರು ಯಾರು ಎಂದು ಅವನನ್ನು ಕೇಳಿದಳು. ಕರೆ ಈ ಮನೆಯಿಂದಲೇ ಬಂದದ್ದು ಎಂದ.

ಅವಳು ಮಗಳನ್ನು ಬೈಯಲಿಲ್ಲ. ಮರುದಿನ ನನಗೆ ಚಹಾ ಕೊಡುವುದನ್ನೂ ಬಿಡಲಿಲ್ಲ. ಆದರೆ ಪ್ಯಾನ್‌ಕೇಕ್ ನಿಂತಿತು, ಹಬ್ಬಗಳು ನಿಂತವು, ಆ ಪದ್ಯದ ಮಾತು ಮತ್ತೆ ಬರಲೇ ಇಲ್ಲ. ಆರು ವರ್ಷದ ಮೇಲೆ ಗಂಡನ ಕೆಲಸ ಹೋಗಿ ಇಬ್ಬರೂ ಇಂಗ್ಲೆಂಡಿಗೆ ಮರಳಿದರು. ಷಿಕಾಗೋದಲ್ಲಿ ಓದುತ್ತಿದ್ದ ಹೆಲೆನ್ ಬೀಳ್ಕೊಡಲು ಬರಲಿಲ್ಲ. "ಗೊಂಬೆ ಸುಟ್ಟ ದಿನ ಅವಳಿಗೆ ಹೆದರಿಕೆಯಾಗಿರಲಿಲ್ಲ. ನಾಚಿಕೆಯಾಗಿತ್ತು," ಎಂದು ಪೆಗ್ಗಿ ಕಾರು ಹತ್ತುವ ಮುಂಚೆ ಹೇಳಿದಳು.

ಎರಡು ವರ್ಷ ಬಿಟ್ಟು ಹೆಲೆನ್ ಫೋನ್ ಮಾಡಿದಳು. ಪೆಗ್ಗಿ ತೀರಿಕೊಂಡಿದ್ದಳು. ಅಂತ್ಯಕ್ರಿಯೆಯಲ್ಲಿ ಆ ಪದ್ಯ ಹೇಳಬೇಕೆಂದಿದ್ದೇನೆ, ಆ ದಿನ ಕಿಟಕಿ ಮುಚ್ಚಿಕೊಂಡಿದ್ದೆ, ನೀವು ಪಕ್ಕದಲ್ಲೇ ಇದ್ದಿರಲ್ಲ, ನೆನಪಿದೆಯೇ ಎಂದು ಅಳುತ್ತ ಕೇಳಿದಳು.

"ಪೂರ್ತಿ ಕೇಳಲಾಗಲಿಲ್ಲ, ಹೆಲೆನ್," ಎಂದೆ. "ಅಷ್ಟರಲ್ಲಿ ಫೈರ್ ಟ್ರಕ್ ಬಂತು."

ಆ ಕಡೆ ಅಳು ನಿಂತಿತು. ಅದೆಷ್ಟು ಕ್ರೂರ ಮಾತೆಂದು ನನಗೆ ಗೊತ್ತಿತ್ತು. ಪೊಲೀಸನಿಗೆ ಆ ಸಂಜೆ ನಾನು ಏನು ಹೇಳಿದೆ ಎಂಬುದನ್ನು ಮಾತ್ರ ಅವಳಿಗೆ ಹೇಳಲಿಲ್ಲ.