ಹೋಟ್ಲಮ್ಮ ಆರಿಸಿದ ಹಳದಿ ಸೈಕಲ್

ಹೋಟ್ಲಮ್ಮನ ಮುಖದ ಮೇಲೆ ಎರಡು ಬಿಳಿಚಿದ ಗೆರೆಗಳಿದ್ದವು. ಕಿವಿಯ ಮುಂದಿನಿಂದ ಇಳಿದು ಗದ್ದದ ಕೆಳಗೆ ಒಂದಾಗುತ್ತಿದ್ದವು. ಉಳಿದ ಮುಖವೆಲ್ಲ ಚೆನ್ನೈ ಬಿಸಿಲಿಗೆ ಕಂದಿ, ಹೆಲ್ಮೆಟ್ಟಿನ ಪಟ್ಟಿ ಕೂರುವ ಜಾಗ ಮಾತ್ರ ಹುಟ್ಟಿದ ಬಣ್ಣ ಉಳಿಸಿಕೊಂಡಿತ್ತು. ಸಂಜೆ ರೇಷ್ಮೆ ಸೀರೆಯುಟ್ಟು ಯಾರದೋ ಗೃಹಪ್ರವೇಶಕ್ಕೆ ಹೊರಟಾಗಲೂ ಆ ಗೆರೆಗಳು ಎದ್ದು ಕಾಣುತ್ತಿದ್ದವು. ಪೌಡರ್ ಹಚ್ಚಿ ಮುಚ್ಚಬಾರದೇ ಎಂದು ಯಾರೋ ಕೇಳಿದ್ದಕ್ಕೆ, ಕಷ್ಟಪಟ್ಟು ಸಂಪಾದಿಸಿದ್ದನ್ನು ಯಾಕೆ ಮುಚ್ಚಲಿ ಎಂದಿದ್ದರಂತೆ.

ಅವರ ಗಂಡ ಕೋಡಂಬಾಕ್ಕಂನಲ್ಲಿ ಹೋಟೆಲ್ ನಡೆಸಿದವರು. ಮೂಲ ಉಡುಪಿ ಕಡೆ. ಆದರೆ ಇವರು ಹುಟ್ಟಿ ಬೆಳೆದದ್ದೆಲ್ಲ ಮದ್ರಾಸಿನಲ್ಲೇ. ಗಂಡ ತೀರಿಕೊಂಡ ಮೇಲೆ ಹೋಟೆಲನ್ನು ಮಗನಿಗೆ ಬಿಟ್ಟು, ಸಮುದ್ರಕ್ಕೆ ಹತ್ತಿರ ಇರಬೇಕೆಂದು ಶೋಳಿಂಗನಲ್ಲೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದರು. ಅರವತ್ತರ ಆಸುಪಾಸು. ದಿನಾ ಬೆಳಿಗ್ಗೆ ಬಾಗಿದ ಹ್ಯಾಂಡಲಿನ ರೋಡ್ ಸೈಕಲ್ ಹತ್ತಿ ಹೋಗುತ್ತಿದ್ದರು. ವಾಚ್‌ಮನ್ನಿಗೂ ಅವರು ಹೋಟ್ಲಮ್ಮನೇ.

ನಾನು ಹಾಸನದವಳು. ಗಂಡ, ಇಬ್ಬರು ಮಕ್ಕಳು, ಪೆರುಂಗುಡಿಯಲ್ಲಿ ಕೂತು ಮಾಡುವ ಕೆಲಸ. ನಲವತ್ತಕ್ಕೆ ಮೊದಲೇ ಬಿ.ಪಿ. ಏರಿತ್ತು. ಹೀಗೇ ಇದ್ದರೆ ಗ್ಯಾರಂಟಿ ಕೊಡಲಾರೆ ಎಂದು ಡಾಕ್ಟರ್ ಹೇಳಿದ ದಿನ ಲಿಫ್ಟ್ ಬೇರೆ ಕೆಟ್ಟಿತ್ತು. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತಿದ್ದೆ. ಹೋಟ್ಲಮ್ಮ ಬಂದು ಪಕ್ಕದಲ್ಲೇ ಕೂತರು. ಏನಾಯಿತೆಂದು ಕೇಳಲಿಲ್ಲ. ಭಾನುವಾರ ಬಾ, ನಿನಗೊಂದು ಸೈಕಲ್ ನೋಡುವಾ ಎಂದರು.

ನಾನು ಅಷ್ಟರಲ್ಲಿ ಫೋನಿನಲ್ಲಿ ಒಂದನ್ನು ನೋಡಿಟ್ಟಿದ್ದೆ. ದಪ್ಪ ಚಕ್ರ, ಮುಂದೆ ಸ್ಪ್ರಿಂಗು, ಎಣಿಸಲಾಗದಷ್ಟು ಗೇರು, ಬೆಲೆಯೂ ಕಡಿಮೆ. ಅವರು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿ ಫೋನನ್ನು ವಾಪಸು ಕೊಟ್ಟರು. ಅದರ ಭಾರ ಎಳೆದು ಎಳೆದೇ ನಿನಗೆ ಬೇಸರ ಬಂದುಬಿಡುತ್ತದೆ, ಆಮೇಲೆ ಬಾಲ್ಕನಿಯಲ್ಲಿ ಅದರ ಮೇಲೆ ಬಟ್ಟೆ ಒಣಹಾಕುತ್ತೀಯ ಎಂದರು.

ಅಂಗಡಿಯಲ್ಲಿ ಅವರದು ಬೇರೆಯೇ ಅವತಾರ. ಮಾರುವವನು ಗೇರಿನ ಬಗ್ಗೆ ಹೇಳುತ್ತಿದ್ದರೆ ಇವರು ನನ್ನನ್ನು ಸೈಕಲಿನ ಕಂಬಿಯ ಆಚೆ ಈಚೆ ಕಾಲು ಹಾಕಿ ನಿಲ್ಲಿಸಿ ಅಂತರ ನೋಡಿದರು. ಹ್ಯಾಂಡಲ್ ಹಿಡಿದಾಗ ಮೊಣಕೈ ಸೆಟೆಯುತ್ತದೆಯೇ, ಬೆರಳು ಸಲೀಸಾಗಿ ಬ್ರೇಕಿಗೆ ಎಟಕುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದರು. ಮಿಂಚುವ ದುಬಾರಿ ಗಾಡಿಗಳನ್ನು ದಾಟಿ ಸಾಧಾರಣ ಅಲ್ಯೂಮಿನಿಯಂ ಚೌಕಟ್ಟಿನ ಒಂದರ ಮುಂದೆ ನಿಂತರು. “ದುಡ್ಡೆಲ್ಲ ಸೈಕಲಿಗೇ ಸುರಿಬೇಡ ಮಾರಾಯ್ತಿ. ತಲೆಗೂ ಸ್ವಲ್ಪ ಉಳಿಸು.” ಉಳಿದದ್ದರಲ್ಲಿ ಹೆಲ್ಮೆಟ್, ದೀಪ, ಪಂಪು ಬಂದವು.

ನನ್ನ ಅಳತೆಯಲ್ಲಿ ಎರಡು ಬಣ್ಣ ಇತ್ತು. ನನಗೆ ಕಡುನೀಲಿ ಇಷ್ಟವಾಯಿತು. ಅಷ್ಟು ಹೊತ್ತೂ ತಾಳ್ಮೆಯಿಂದ ಇದ್ದ ಹೋಟ್ಲಮ್ಮ ಏಕಾಏಕಿ ಬಿಗಿಯಾದರು. ಹಳದಿಯೇ ತೆಗೆದುಕೋ ಎಂದರು. ನಾನು ಗೊಣಗಿದೆ. ಅವರು ಬಗ್ಗಲಿಲ್ಲ. ಕೊನೆಗೆ ಹಳದಿಯೇ ಬಂತು, ಅದಕ್ಕೆ ಹೊಂದುವ ಹಳದಿ ಜಾಕೆಟ್ಟೂ.

ಬೆಳಕು ಹರಿದ ಮೇಲೆ, ಆಫೀಸ್ ಗಾಡಿಗಳ ಗಲಾಟೆ ಏರುವ ಮೊದಲು, ಸಮುದ್ರದ ಕಡೆಯ ಅಡ್ಡರಸ್ತೆಯಲ್ಲಿ ಹೋಗಿ ಬರುತ್ತಿದ್ದೆವು. ಒಂದು ವಿಷಯದಲ್ಲಿ ಮಾತ್ರ ಅವರದು ಬಲು ಹಟ. ನಾನು ಅವರ ಬಲಕ್ಕೇ ಇರಬೇಕು, ಅರ್ಧ ಚಕ್ರ ಮುಂದೆ. ಬಲಕ್ಕೆ ಎಂದರೆ ಗಾಡಿಗಳು ಹಾಯುವ ಮಗ್ಗುಲು. ಬಸ್ಸು ಮೈಗೆ ತಾಗುವಂತೆ ಹೋದಾಗಲೆಲ್ಲ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಹೊಸಬಳನ್ನು ಒಳಗಡೆ ಬಿಡಬೇಕಲ್ಲವೇ ಎಂದು ನನ್ನ ಗಂಡ ಒಂದೆರಡು ಸಲ ಸಿಟ್ಟಾದರು. ಕೇಳಿದರೆ ಹೋಟ್ಲಮ್ಮ, ಅಭ್ಯಾಸ ಆಗುತ್ತದೆ ಎನ್ನುತ್ತಿದ್ದರು. ಆಗತೊಡಗಿತ್ತು ಕೂಡ. ಉಸಿರು ಹಿಡಿತಕ್ಕೆ ಬಂತು, ಡಾಕ್ಟರ್ ಒಂದು ಮಾತ್ರೆ ಕಡಿಮೆ ಮಾಡಿದರು.

ಹಾಗಿರುವಾಗ ಒಂದು ಬೆಳಿಗ್ಗೆ ವಾಪಸು ಬರುತ್ತ ನನ್ನ ಚೈನು ಜಾರಿತು. ನಾನು ನಿಂತೆ. ತಿರುವಿನ ಕಡೆಗೇ ಗಮನ ಇಟ್ಟಿದ್ದ ಅವರು ಅದು ತಿಳಿಯದೆ ಮುಂದೆ ಹೋದರು. ನಮ್ಮ ತಿರುವು ಬಲಕ್ಕಿತ್ತು. ಹಿಂದಿನಿಂದ ಒಂದು ಆಫೀಸ್ ಕ್ಯಾಬು ನನ್ನನ್ನು ದಾಟಿ ಜೋರಾಗಿ ಹೋಯಿತು. ಹೋಟ್ಲಮ್ಮ ತಲೆ ಬಲಕ್ಕೆ ತಿರುಗಿಸಿದ್ದನ್ನು ನಾನು ಕಂಡೆ. ನೋಡಿದರು, ನಿಲ್ಲುತ್ತಾರೆ ಎಂದುಕೊಂಡೆ. ಅವರು ಕೈ ತೋರಿಸಿ ನೇರವಾಗಿ ಕ್ಯಾಬಿನ ದಾರಿಗೇ ತಿರುಗಿದರು.

ನಾನು ಕೂಗಿದ್ದು ಏನೆಂದು ನನಗೇ ನೆನಪಿಲ್ಲ. ಟೈರು ಕಿರುಚಿತು. ಕ್ಯಾಬಿನ ಕನ್ನಡಿ ಅವರ ತೋಳಿಗೆ ತಾಗಿ, ಸೈಕಲ್ ಒಂದು ಕಡೆ, ಅವರು ಒಂದು ಕಡೆ ಬಿದ್ದರು. ಡ್ರೈವರ್ ಇಳಿದು ಬಂದ. “ಕಣ್ಣು ತೆರಿಯಲಿಯಾ, ಅಮ್ಮಾ?” ಎಂದ, ಕಣ್ಣು ಕಾಣುವುದಿಲ್ಲವೇ ಎಂದು. ಅವನು ಬೈದದ್ದು ಅಷ್ಟೇ.

ಮೊಣಕೈ ತರಚಿ ರಕ್ತ ಬರುತ್ತಿತ್ತು, ಮೂಳೆಗೇನೂ ಆಗಿರಲಿಲ್ಲ. ಕ್ಯಾಬು ಹೋದ ಮೇಲೆ ರಸ್ತೆಯಂಚಿನಲ್ಲಿ ಅವರನ್ನು ಕೂರಿಸಿ ನೀರು ಕೊಟ್ಟೆ. ತಿರುಗಿ ನೋಡಿದಿರಲ್ಲ, ಕಾಣಲಿಲ್ಲವೇ ಎಂದೆ. ಅವರು ಬಾಟಲಿಯ ಮುಚ್ಚಳ ತಿರುವಿ ಹಾಕಿದರು.

“ಬಲಗಣ್ಣು ಇಲ್ಲ ನನಗೆ,” ಎಂದರು. “ನರ ಹೋಗಿಯಾಯ್ತು. ನಿನ್ನ ಸೈಕಲ್ ತೆಗೆಯುವ ಮೊದಲೇ.”

ನಾನು ಅವರ ಮೊಣಕೈ ಒರೆಸತೊಡಗಿದೆ. ಅವರೇ ಮುಂದುವರಿಸಿದರು. “ಎಡಗಣ್ಣೂ ಮಬ್ಬಾಗ್ತಾ ಉಂಟು. ಹಳದಿಯಾದ್ರೆ ಆ ಮಬ್ಬಲ್ಲೂ ಗೊತ್ತಾಗ್ತದೆ. ನೀನು ಬಲಕ್ಕೆ ಇದ್ರೆ ಆ ಕಡೆ ಗಾಡಿ ನನ್ನ ಹತ್ತಿರ ಬರುದಿಲ್ಲ. ಅಪ್ಪುರಂ, ಮತ್ತೆ ನೀನು ನಿಂತ್ರೆ ನಾನೂ ನಿಲ್ಲಬಹುದು ಅಂತ.”

ನನಗೆ ಸಿಟ್ಟು ಬಂತು. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿರುವವಳನ್ನು ಒಂದು ಮಾತೂ ಹೇಳದೆ ತನ್ನ ಕಣ್ಣಾಗಿ ಬಳಸಿಕೊಂಡಿದ್ದರು, ಬೇಲಿಯಾಗಿಯೂ. ಮಗನಿಗೆ ಹೇಳಬೇಡ, ಕೋಡಂಬಾಕ್ಕಂಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿಬಿಡುತ್ತಾನೆ ಎಂದು ಕೇಳಿಕೊಂಡರು. ನಾನು ಎರಡೂ ಸೈಕಲ್ ತಳ್ಳಿಕೊಂಡು ಮುಂದೆ ನಡೆದೆ.

ಆಮೇಲೆ ಕೆಲವು ದಿನ ಅವರ ಬಾಗಿಲ ಮುಂದೆ ಹಾಯಲಿಲ್ಲ. ಆದರೆ ಬೆಳಿಗ್ಗೆ ಎಚ್ಚರವಾದೊಡನೆ ಬಾಲ್ಕನಿಗೆ ಓಡಿ ಕೆಳಗೆ ನೋಡುತ್ತಿದ್ದೆ. ಒಬ್ಬರೇ ಹೊರಟುಬಿಟ್ಟಿದ್ದಾರೆಯೇ ಎಂದು. ಒಂದು ದಿನ ಹೊರಟಿದ್ದರು. ಗೇಟಿನವರೆಗೆ ಚಪ್ಪಲಿ ಇಲ್ಲದೆ ಇಳಿದು ಹೋಗಿ ಹ್ಯಾಂಡಲ್ ಹಿಡಿದು ನಿಂತೆ. ವಾಚ್‌ಮನ್ ನೋಡುತ್ತಿದ್ದ. ಬಿಡು ಎಂದರು. ಬಿಡಲಿಲ್ಲ. ಮಗನಿಗೆ ನೀವು ಹೇಳುತ್ತೀರೋ, ನಾನು ಹೇಳಲೋ ಎಂದು ಕೇಳಿದೆ. ಅವರು ಸೈಕಲಿನಿಂದ ಇಳಿದು, ಅಲ್ಲೇ ನಿಂತು ಮಗನಿಗೆ ಫೋನ್ ಮಾಡಿದರು.

ಮಗ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ರೇಗುತ್ತಲೇ ಬಂದ. ನನ್ನ ಮೇಲೂ ಹರಿಹಾಯ್ದ. ಹೋಟ್ಲಮ್ಮ ಅವನನ್ನು ತಡೆದರು. ಇವಳಿಗೆ ಗೊತ್ತಿರಲಿಲ್ಲ, ನಾನೇ ಮುಚ್ಚಿಟ್ಟೆ ಎಂದರು. ನನ್ನ ಎದುರು ಅವರು ತಪ್ಪೊಪ್ಪಿಕೊಂಡದ್ದು ಅಷ್ಟೇ. ಅದೂ ಮಗನ ಕಡೆ ಮುಖ ಮಾಡಿ. ಎಡಗಣ್ಣಿಗೆ ಆಪರೇಶನ್ ಆಯಿತು, ಅದು ಉಳಿಯಿತು. ರಸ್ತೆಗೆ ಮತ್ತೆ ಸೈಕಲ್ ಇಳಿಸಲಿಲ್ಲ. ಮಗನ ಮನೆಗೂ ಹೋಗಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರಿಗೆ ಸೈಕಲ್ ಆರಿಸಿಕೊಡುತ್ತ, ಸೀಟಿನ ಎತ್ತರ ಸರಿಮಾಡುತ್ತ, ಗಾಳಿ ಸಾಲದೆಂದು ಗದರುತ್ತ ಇದ್ದರು. ನಾನು ಒಬ್ಬಳೇ ಸಮುದ್ರದವರೆಗೆ ಹೋಗಿ ಬಂದ ದಿನ ಗೇಟಿನ ಬಳಿ ಕಾಯುತ್ತ ನಿಂತಿದ್ದರು. ನನ್ನ ಟೈರು ಒತ್ತಿ ನೋಡಿ ಒಳಗೆ ಹೋದರು.

ಹೋದ ವರ್ಷ ಶ್ವಾಸಕೋಶದ ಸೋಂಕಿನಿಂದ ಆಸ್ಪತ್ರೆ ಸೇರಿದರು. ನಾನು ಕಡೆಯ ಸಲ ಹೋದಾಗ ಮಾತಾಡಲು ಕಷ್ಟಪಡುತ್ತಿದ್ದರು. ಹತ್ತಿರ ಕರೆದರು.

“ಕಣ್ಣಿನದ್ದು ಮೊದಲೇ ಹೇಳಿದ್ರೆ ನೀನು ಬರ್ತಿದ್ಯಾ?” ಎಂದರು.

“ಬರ್ತಿದ್ದೆ,” ಎಂದೆ.

ಖಂಡಿತ ಹೋಗುತ್ತಿರಲಿಲ್ಲ. ಮಕ್ಕಳ ಹೆಸರು ಹೇಳಿ ತಪ್ಪಿಸಿಕೊಂಡು, ಮಾತ್ರೆ ನುಂಗುತ್ತ ಮನೆಯಲ್ಲೇ ಕೂತಿರುತ್ತಿದ್ದೆ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನನ್ನ ಕೈ ಹಿಡಿದು, ಸುಳ್ಳಿ ಎಂದು ತುಟಿಯಲ್ಲಷ್ಟೇ ಹೇಳಿ ಕಣ್ಣು ಮುಚ್ಚಿ ಮಲಗಿದರು. ಎರಡು ದಿನಕ್ಕೆ ಹೋಗಿಬಿಟ್ಟರು.